ಮರಿಗೌಡರ ಡಂಗುರ

ಪಟೇಲ ಮರಿಗೌಡರು ಬಾಯಲ್ಲೇ ಕೆರೆ ಕಟ್ಟಿಸುವವರು, ಸೇತುವೆ ಹಾಕಿಸುವವರು. ಅವರ ಮಾತಿಗೆ ಊರ ಹಿರಿಯರು ಬೊಗಳೆ ಅಂದರು, ಹಿರಿಯರ ಮಕ್ಕಳು ಬುರುಡೆ ಅಂದರು, ಪೇಟೆ ಕಂಡ ಮೊಮ್ಮಕ್ಕಳು ಪುಂಗು ಅಂದರು. ಮೂರೂ ಮಾತು ಗೌಡರ ಕಿವಿಗೆ ಬಿದ್ದವು.

ಡಂಗುರ ಸಾರುವ ಸಿದ್ದನನ್ನು ಕರೆಸಿದರು. "ಇವತ್ತಿಂದ ಈ ಮೂರು ಮಾತು ಯಾರೂ ಆಡಬಾರದು ಅಂತ ಸಾರು. ಮತ್ತೆ ನನ್ನ ಕಿವಿಗೆ ಬಿದ್ದರೆ ನಿನ್ನ ತಮಟೆ ಕಿತ್ಕೋತೀನಿ."

ಊರಿನ ಬಾಯಿಗೆ ತನ್ನ ತಮಟೆ ಹೊಣೆಯಾಯಿತಲ್ಲ ಅಂತ ಸಿದ್ದ ತಲೆ ಕೆರೆದುಕೊಂಡ. "ಆಗಲಿ ಬುದ್ಧಿ. ಯಾರಾದರೂ ಸುಮ್ಮಸುಮ್ಮನೆ ಕೊಚ್ಚಿಕೊಂಡರೆ ಜನ ಇನ್ನೇನನ್ನಬೇಕು?"

"ಏನಾದರೂ ಅನ್ನಲಿ. ಬೇಕಾದರೆ ನನ್ನ ಹೆಸರೇ ಹೇಳ್ಕೊಳ್ಳಲಿ, ಹೋಗೋ," ಅಂದರು ಗೌಡರು, ಹಿಂದುಮುಂದು ನೋಡದೆ.

ಸಿದ್ದ ಅಪ್ಪಣೆಯನ್ನು ಒಂದಕ್ಷರ ಬಿಡದೆ ಬೀದಿಬೀದಿಯಲ್ಲಿ ಸಾರಿದ.

ಸಂತೆಯ ದಿನ ಗೌಡರ ಪಕ್ಕದಲ್ಲೇ ಒಬ್ಬ, ತನ್ನ ಎಮ್ಮೆ ಹೊತ್ತಿಗೆ ಒಂದು ಕೊಡ ಹಾಲು ಕೊಡುತ್ತೆ ಅಂದ. ಕೊಳ್ಳಲು ಬಂದ ಮುದುಕಿ ನಕ್ಕಳು. "ಸಾಕು ಬಿಡಪ್ಪ ನಿನ್ನ ಮರಿಗೌಡ. ನಾನೂ ಎಮ್ಮೆ ಕಟ್ಟಿದೋಳೇ."

ಸಂಜೆಯೊಳಗೆ ಸಿದ್ದನಿಗೆ ಮತ್ತೆ ಕರೆ ಬಂತು. ಗೌಡರ ದನಿ ಇಳಿದಿತ್ತು. "ಬೊಗಳೆ ಅಂತಲೇ ಅನ್ನಲಿ ಅಂತ ಸಾರಿಬಿಡಪ್ಪ."

"ಸಾರ್ತೀನಿ ಬುದ್ಧಿ. ಆದರೆ ಜನ ನಂಬಬೇಕಲ್ಲ. ಇದೂ ಒಂದು ಮರಿಗೌಡ ಅಂತಾರೆ."