ತಟ್ಟಪ್ಪ ಮತ್ತು ಒತ್ತಪ್ಪ

ಸಂಗೀತದ ಕೀಬೋರ್ಡೊಂದರ ಕೀಗಳ ಕೆಳಗೆ ಇಬ್ಬರು ಅಣ್ಣತಮ್ಮಂದಿರು ಕಾವಲಿದ್ದರು. ಬೆರಳು ಎಷ್ಟು ರಭಸದಿಂದ ಬಿತ್ತೆಂದು ಅಳೆದು ಸ್ವರ ಹುಟ್ಟಿಸುವವನು ತಟ್ಟಪ್ಪ. ಬಿದ್ದ ಬೆರಳು ಆಮೇಲೆ ಎಷ್ಟು ಅದುಮುತ್ತದೆಂದು ಅಳೆದು ಆ ಸ್ವರವನ್ನು ಉಬ್ಬಿಸುವವನು ಒತ್ತಪ್ಪ.

ಅದನ್ನು ನುಡಿಸುವ ಮಂದಾಕಿನಿ ಹಾರ್ಮೋನಿಯಂನಲ್ಲಿ ಪಳಗಿದವಳು. ಅಲ್ಲಿ ಸ್ವರ ಉಬ್ಬಿಸುವುದು ಎಡಗೈ ಒತ್ತುವ ಗಾಳಿಯ ತಿದಿ. ಬೆರಳನ್ನು ಅದುಮುವ ಅಭ್ಯಾಸವೇ ಅವಳಿಗಿರಲಿಲ್ಲ.

"ನಿನಗಿಲ್ಲಿ ಏನು ಕೆಲಸ? ಮಲಗು," ಎಂದ ತಟ್ಟಪ್ಪ.

"ಮೇಲೆ ಬೆರಳಿರುವ ತನಕ ನಾನು ಮಲಗುವವನಲ್ಲ," ಎಂದ ಒತ್ತಪ್ಪ.

ಸಂಗೀತ ಕಛೇರಿಯ ದಿನ ಗಾಯಕಿ ಮೇಲಿನ ಷಡ್ಜ ಹಿಡಿದು ದನಿಯನ್ನು ತುಂಬಿಸುತ್ತ ಹೋದಳು. ಕೀಬೋರ್ಡಿನ ಸ್ವರ ಉಬ್ಬದೆ ಸಪ್ಪಗೇ ಉಳಿಯಿತು. ಮಂದಾಕಿನಿಯ ಎಡಗೈ ಇಲ್ಲದ ತಿದಿಗಾಗಿ ತಡಕಾಡಿತು.

"ಮತ್ತೆ ಬಡಿ!" ಎಂದು ತಟ್ಟಪ್ಪ ಕೂಗಿದ. ಅವಳು ಬಡಿದಳು. ಇನ್ನೊಂದು ಸ್ವರ ಹುಟ್ಟಿ, ಹಾಡಿನ ಎಳೆ ತುಂಡಾಯಿತು. ಗಾಯಕಿ ತಿರುಗಿ ನೋಡಿದಳು. ದಿಕ್ಕು ತೋಚದೆ ಮಂದಾಕಿನಿ ಬೆರಳನ್ನು ಬಲವಾಗಿ ಅದುಮಿಯೇ ಹಿಡಿದಳು.

ಒತ್ತಪ್ಪ ಕಾದಿದ್ದುದೇ ಅದಕ್ಕೆ. ಬೆರಳಿನ ಭಾರವಷ್ಟನ್ನೂ ಹೊತ್ತು, ಸ್ವರವನ್ನು ಗಾಯಕಿಯ ದನಿಗೆ ಸಮನಾಗಿ ಉಬ್ಬಿಸಿದ.

"ಅದನ್ನು ಹುಟ್ಟಿಸಿದವನು ನಾನು!" ಎಂದ ತಟ್ಟಪ್ಪ.

"ಹೌದಣ್ಣ, ಹುಟ್ಟಿಸಿದವನು ನೀನೇ," ಎಂದ ಒತ್ತಪ್ಪ, ಬೆರಳಿನಡಿಯಿಂದ ಅಲುಗದೆ. "ಸಾಕುವುದನ್ನು ನನಗೆ ಬಿಡು."