ಚೀಲ ಇಳಿಸದ ಹುಡುಗಿ

ಹೊಳೆಯ ಈಚೆ ದಡದಲ್ಲಿ ಗುರವ್ವನ ಆಶ್ರಮ. ಆಶ್ರಮ ಅಂದರೆ ದೊಡ್ಡದೇನಲ್ಲ. ಒಂದು ಹೆಂಚಿನ ಮನೆ, ಮುಂದೆ ಒಂದು ಬೇವಿನ ಮರ, ಅಷ್ಟೇ.

ಆಚೆ ದಡದಲ್ಲಿ ಪೇಟೆ. ಪೇಟೆಯಲ್ಲಿ ಕಾಲೇಜು. ಚಳಿಗಾಲದ ಬೆಳಗ್ಗೆ ಮಂಜು ಇಳಿಯಿತೆಂದರೆ ಪೇಟೆಯೂ ಇಲ್ಲ, ಕಾಲೇಜೂ ಇಲ್ಲ. ಹೊಳೆಯೊಂದೇ ಇರುತ್ತದೆ, ಅದೂ ಬರೀ ಸದ್ದಾಗಿ.

ಶಶಿರೇಖಾ ಗುರವ್ವನ ಶಿಷ್ಯೆ. ಆಶ್ರಮದಲ್ಲೇ ಇದ್ದುಕೊಂಡು ಬಿ.ಎ. ಓದುತ್ತಿದ್ದಳು. ಊಟ, ವಸತಿ ಗುರವ್ವನದು. ಫೀಸು ಚಿಕ್ಕಪ್ಪನದು.

ಆ ಚಿಕ್ಕಪ್ಪ ಒಂದು ದಿನ ಫೋನು ಮಾಡಿದ. ‘ನನ್ನ ಕೈಲಿ ಇನ್ನಾಗಲ್ಲ ತಾಯಿ. ಏನಾದರೂ ಕೆಲಸ ಹಿಡಿದು ಓದಿಕೊಳ್ಳೋದಾದರೆ ಓದು. ಇಲ್ಲಾಂದ್ರೆ ಸಂಕ್ರಾಂತಿಗೆ ಬಂದು ಊರಿಗೆ ಕರಕೊಂಡು ಹೋಗ್ತೀನಿ’ ಅಂದ.

ಕೆಟ್ಟ ಮನುಷ್ಯನಲ್ಲ. ಅಳುತ್ತಲೇ ಅಂದಿದ್ದ.

ಸಂಕ್ರಾಂತಿ ಹತ್ತಿರ ಬಂತು. ಕೆಲಸ ಸಿಗಲಿಲ್ಲವೇ ಅಂದರೆ, ಸಿಕ್ಕಿತ್ತು. ಝೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿತ್ತು, ಸೀರೆ ಅಂಗಡಿಯಲ್ಲಿ ಸಿಕ್ಕಿತ್ತು, ಡಾಕ್ಟರೊಬ್ಬರ ಮಕ್ಕಳಿಗೆ ಪಾಠ ಹೇಳಿಕೊಡುವುದೂ ಸಿಕ್ಕಿತ್ತು. ಒಂದೂ ನಿಲ್ಲಲಿಲ್ಲ. ಕೆಲಸ ನಿಲ್ಲಲಿಲ್ಲವೋ ನೀನು ನಿಲ್ಲಲಿಲ್ಲವೋ ಅಂತ ಯಾರಾದರೂ ಕೇಳಿದರೆ ಮುಖ ಊದಿಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಗುರವ್ವ ಜಗಲಿಯ ಮೇಲೆ ಸೊಪ್ಪು ಸೋಸುತ್ತಾ ಕೂತಿದ್ದರು. ಶಶಿರೇಖಾ ಬಂದು ಪಕ್ಕದಲ್ಲಿ ಕೂತಳು.

‘ಗುರವ್ವ, ನನಗೆ ತಕ್ಕ ಕೆಲಸ ಯಾವುದು ಅಂತ ಹೇಗೆ ಗೊತ್ತಾಗುತ್ತೆ?’

‘ಝೆರಾಕ್ಸ್ ಅಂಗಡಿಗೆ ಏನಾಯ್ತು?’

‘ಇಡೀ ದಿನ ಕಂಡವರ ಕಾಗದ. ಅದರಲ್ಲಿ ನನ್ನದೇನಿದೆ?’

‘ಸೀರೆ ಅಂಗಡಿ?’

‘ಬಿಚ್ಚೋದು, ಮಡಚೋದು. ಮತ್ತೆ ಬಿಚ್ಚೋದು. ತಲೆ ಕೆಟ್ಟುಹೋಯ್ತು.’

‘ಡಾಕ್ಟರ ಮಕ್ಕಳು?’

‘ದೊಡ್ಡವನು ಮಾತೇ ಕೇಳಲ್ಲ. ಸಣ್ಣವಳು ಪುಸ್ತಕ ಮುಟ್ಟಲ್ಲ, ಸುಮ್ಮನೆ ಬಂದು ಮಡಿಲಲ್ಲಿ ಕೂತುಬಿಡ್ತಾಳೆ. ಅವರಿಗೆ ನಾನು ಬೇಕಾಗಿಲ್ಲ ಗುರವ್ವ.’

ಗುರವ್ವ ಒಂದು ಹುಳುಕೆಲೆ ತೆಗೆದು ಆಚೆ ಎಸೆದರು.

‘ಅಲ್ಲೆಲ್ಲ ಚೀಲ ಎಲ್ಲಿಡ್ತಿದ್ದೆ?’

‘ಯಾವ ಚೀಲ?’

‘ಹೆಗಲ ಮೇಲಿದೆಯಲ್ಲ, ಅದು.’

ಶಶಿರೇಖಾ ತಿರುಗಿ ನೋಡಿಕೊಂಡಳು. ಕಾಲೇಜಿನಿಂದ ಬಂದು, ಕಾಲು ತೊಳೆದು, ನೀರು ಕುಡಿದು ಕೂತಿದ್ದಳು. ಚೀಲ ಇನ್ನೂ ಹೆಗಲಿಗೇ ನೇತುಬಿದ್ದಿತ್ತು.

‘ಎಲ್ಲೂ ಇಡ್ತಿರಲಿಲ್ಲ. ಯಾವಾಗ ಎದ್ದು ಹೊರಡಬೇಕಾಗುತ್ತೋ ಏನೋ ಅಂತ.’

‘ಹೂಂ’ ಅಂದರು ಗುರವ್ವ.

‘ಕಾಲೇಜು ಬಿಡೋಕೆ ನನ್ನಿಂದಾಗಲ್ಲ’ ಅಂದಳು ಶಶಿರೇಖಾ. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಬಂದುಬಿಟ್ಟಿತು.

ಗುರವ್ವ ಸಮಾಧಾನ ಮಾಡಲಿಲ್ಲ. ಅವರು ಅಂಥವರಲ್ಲ. ಅತ್ತು ಮುಗಿಯುವವರೆಗೆ ಕಾದು, ಸೊಪ್ಪಿನ ಮೊರ ಅವಳ ಕೈಗೆ ಕೊಟ್ಟರು.

‘ಇದನ್ನ ಒಳಗಿಡು. ಬೆಳಗ್ಗೆ ಹೊಳೆ ಹತ್ತಿರ ಬಾ.’

ಹೊಳೆ ಹತ್ತಿರ ಒಂದು ಹರಿಗೋಲಿತ್ತು. ಬಿದಿರು ಹೆಣೆದು ಟಾರು ಬಳಿದ, ದೊಡ್ಡ ಬುಟ್ಟಿಯಂಥ ದೋಣಿ. ಅದು ಆಶ್ರಮದ್ದು, ಆದರೆ ದಾಟಿದವರು ಕೊಟ್ಟ ಕಾಸು ಹುಟ್ಟು ಹಾಕಿದವರಿಗೆ. ಆಶ್ರಮ ಅದನ್ನು ಮುಟ್ಟುವುದಿಲ್ಲ. ಮೊದಲಿನಿಂದ ನಡೆದುಬಂದದ್ದು ಹಾಗೆ. ಅಂಬಿಗರ ದುರುಗಪ್ಪ ಕಣ್ಣು ಮಂಜಾಗಿ ಮಗಳ ಮನೆ ಸೇರಿದ ಮೇಲೆ ಹರಿಗೋಲು ಬೋರಲು ಬಿದ್ದಿತ್ತು. ಜನ ದೂರದ ಸೇತುವೆ ಸುತ್ತಿಕೊಂಡು ಓಡಾಡುತ್ತಿದ್ದರು. ಶಶಿರೇಖಾ ಕೂಡ ಹಾಗೇ ಹೋಗುತ್ತಿದ್ದಳು.

ಬೆಳಗ್ಗೆ ಮಂಜು ದಟ್ಟವಾಗಿತ್ತು. ಇಬ್ಬರೂ ಸೇರಿ ಹರಿಗೋಲನ್ನು ಮಗುಚಿ ನೀರಿಗೆ ಇಳಿಸಿದರು. ಗುರವ್ವ ನಡುವೆ ಹೋಗಿ ಕೂತರು.

‘ಆಚೆ ದಡಕ್ಕೆ ಬಿಡು.’

‘ನನಗೆ ಬರಲ್ಲ.’

‘ಬರುತ್ತೆ ಅಂತ ನಾನೆಲ್ಲಿ ಅಂದೆ? ಈಗ ಎದೆಮಟ್ಟ ನೀರು. ಬಿದ್ದರೆ ಸ್ನಾನವಾಗುತ್ತೆ.’

ಶಶಿರೇಖಾ ಬಯಲುಸೀಮೆಯವಳು. ದೋಣಿ ನಡೆಸುವವರು ಹಿಂದೆ ಕೂತು ನೀರನ್ನು ನೂಕುವುದನ್ನು ಸಿನಿಮಾದಲ್ಲಿ ನೋಡಿದ್ದಳು. ಹಾಗೇ ಹಿಂದೆ ಕೂತು ನೂಕಿದಳು.

ಹರಿಗೋಲು ಬೀಸುವ ಕಲ್ಲಿನ ಹಾಗೆ ತಿರುಗಿತು. ಬೇವಿನ ಮರ ಕಣ್ಣ ಮುಂದೆ ಬಂತು, ಹೋಯಿತು. ಆಮೇಲೆ ಬರೀ ಬಿಳಿ. ಮತ್ತೆ ಬೇವಿನ ಮರ ಬಂತು. ಮರವೇ ತನ್ನನ್ನು ನೋಡಲು ಸುತ್ತು ಬರುತ್ತಿದೆ ಅನ್ನಿಸಿತು ಅವಳಿಗೆ.

‘ಮುಂದೆ ಹೋಗ್ತಾ ಇಲ್ಲ ಗುರವ್ವ.’

‘ಮುಂದೆ ಅಂದರೆ ಯಾವ ಕಡೆ?’

ಶಶಿರೇಖಾ ಹರಿಗೋಲಿನ ಅಂಚನ್ನು ಸುತ್ತಲೂ ನೋಡಿದಳು. ಎಲ್ಲ ಕಡೆಯೂ ಒಂದೇ ಥರ ಇತ್ತು.

‘ಇದಕ್ಕೆ ಮುಂದೆ ಅಂತಲೇ ಇಲ್ಲ.’

‘ದುರುಗಪ್ಪ ಎಲ್ಲಿ ಕೂರ್ತಿದ್ದ?’

ಮೊದಲು ಅವನ ಹರಿಗೋಲಲ್ಲಿ ದಾಟುತ್ತಿದ್ದದ್ದು ಅವಳಿಗೆ ನೆನಪಾಯಿತು. ದುರುಗಪ್ಪ ಹೋಗಬೇಕಾದ ಕಡೆಯ ಅಂಚಿಗೆ ಮಂಡಿಯೂರಿ ಬಾಗುತ್ತಿದ್ದ. ನೀರನ್ನು ನೂಕುತ್ತಿರಲಿಲ್ಲ, ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ.

ಅವಳೂ ಬೇವಿನ ಮರಕ್ಕೆ ಬೆನ್ನು ಹಾಕಿ ಎದುರಿನ ಅಂಚಿಗೆ ಬಂದು ಮಂಡಿಯೂರಿದಳು. ಬಾಗಿ ಎಳೆದಳು. ಹೆಗಲ ಚೀಲ ಜಾರಿ ಮೊಣಕೈಗೆ ಬಡಿಯಿತು. ಮೇಲೆ ಏರಿಸಿಕೊಂಡಳು. ಮತ್ತೆ ಎಳೆದಳು. ಮತ್ತೆ ಜಾರಿತು. ಈ ಸಲ ಅದರ ಮೂಲೆ ನೀರಿಗೂ ತಾಗಿತು.

‘ಥೂ’ ಅಂದಳು.

ಗುರವ್ವ ಕೈ ನೀಡಿದರು.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಚೀಲ ತೆಗೆದು ಕೊಟ್ಟಳು. ಗುರವ್ವ ಅದನ್ನು ತಲೆದಿಂಬು ಮಾಡಿಕೊಂಡು, ಹರಿಗೋಲಿನ ದುಂಡಿಗೆ ಸರಿಯಾಗಿ ಮುದುಡಿ ಮಲಗಿ ಕಣ್ಣು ಮುಚ್ಚಿದರು.

‘ಗುರವ್ವ, ದಾರಿ ಕಾಣಿಸಲ್ಲ.’

ಸಣ್ಣಗೆ ಗೊರಕೆ ಕೇಳಿಸಿತು. ನಿಜವಾದ ಗೊರಕೆಯೋ ಸುಳ್ಳು ಗೊರಕೆಯೋ, ದೇವರೇ ಬಲ್ಲ.

ಹೆಗಲು ಹಗುರವಾಗಿತ್ತು. ಭಯವೂ ಆಗುತ್ತಿತ್ತು. ಶಶಿರೇಖಾ ಬಾಗಿ ನೀರೆಳೆದಳು. ಹರಿಗೋಲು ಎಡಕ್ಕೆ ವಾಲಿತು. ಬಲಕ್ಕೆ ಸರಿಸಿ ಎಳೆದಳು. ಒಮ್ಮೆ ಆ ಪಕ್ಕ, ಒಮ್ಮೆ ಈ ಪಕ್ಕ. ಸುತ್ತುವುದು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು.

ಮಂಜು ಮುಖಕ್ಕೆ ಬಂದು ತಾಗಿ ಹಿಂದೆ ಹೋಗುತ್ತಿತ್ತು. ಹಿಂದಿನ ದಡ ಇರಲಿಲ್ಲ, ಮುಂದಿನ ದಡವೂ ಇರಲಿಲ್ಲ. ಹುಟ್ಟು ಮುಳುಗುವ ಸದ್ದು, ಏಳುವ ಸದ್ದು, ನಡುವೆ ಗುರವ್ವನ ಉಸಿರು. ಒಂದು ಬೆಳ್ಳಕ್ಕಿ ತೀರ ಹತ್ತಿರದಲ್ಲೇ ಹಾರಿಹೋಯಿತು. ಚಿಕ್ಕಪ್ಪ, ಸಂಕ್ರಾಂತಿ, ತನಗೆ ತಕ್ಕದ್ದು, ತಕ್ಕದ್ದಲ್ಲದ್ದು, ಯಾವುದೂ ನೆನಪಿಗೆ ಬರಲಿಲ್ಲ. ಎಷ್ಟು ಹೊತ್ತಾಯಿತೋ. ತನಗೆ ತುಂಬಾ ಸಂತೋಷವಾಗಿದೆ ಅನ್ನುವುದು ಕೂಡ ಅವಳಿಗೆ ತಡವಾಗಿ ಗೊತ್ತಾಯಿತು.

ಆಗ ಮಂಜಿನೊಳಗೆ ಬಳೆಯ ಸದ್ದು ಕೇಳಿಸಿತು. ಯಾರೋ ಕೆಮ್ಮಿದರು.

ಆಚೆ ದಡದ ಮೆಟ್ಟಿಲ ಮೇಲೆ ಜನ ನಿಂತಿದ್ದರು. ಆಶ್ರಮದ ಕಡೆಯ ಹೊಲಗಳಿಗೆ ಕಳೆ ಕೀಳಲು ಹೊರಟ ಹೆಂಗಸರು, ಹಳ್ಳಿ ಶಾಲೆಯ ಮೇಷ್ಟ್ರು. ಸೇತುವೆ ದಾರಿ ಹಿಡಿದವರು ಹುಟ್ಟಿನ ಸದ್ದು ಕೇಳಿ ಇಳಿದು ಬಂದಿದ್ದರು.

‘ದುರುಗಪ್ಪ ಬಂದನೇನೇ?’ ಅಂದಳು ಒಬ್ಬಳು.

‘ಅಲ್ಲ ಕಣೆ, ಯಾವುದೋ ಹುಡುಗಿ.’

‘ಹುಡುಗಿಯಾದರೇನು, ಹರಿಗೋಲು ಬಂತಲ್ಲ. ಸದ್ಯ, ಸುತ್ತೋದು ತಪ್ಪಿತು.’

ಅವರು ಸೀರೆ ಎತ್ತಿ ಕಟ್ಟಿಕೊಂಡರು. ಮೇಷ್ಟ್ರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದರು.

ಶಶಿರೇಖಾ ನೀರಿಗೆ ಧುಮುಕಿ ಹರಿಗೋಲನ್ನು ಮೆಟ್ಟಿಲಿಗೆ ಎಳೆದು ನಿಲ್ಲಿಸಿದಳು. ತೋಳು ನೋಯುತ್ತಿತ್ತು, ಮುಖ ಅರಳಿತ್ತು. ಮೇಲೆ ಕಾಲೇಜಿನ ಗೇಟು ಮಸುಕಾಗಿ ಕಾಣುತ್ತಿತ್ತು, ಇನ್ನೂ ತೆರೆದಿರಲಿಲ್ಲ.

‘ಗುರವ್ವ, ಏಳಿ. ದಡ ಬಂತು. ನನ್ನ ಚೀಲ ಕೊಡಿ.’

ಗುರವ್ವ ಕಣ್ಣು ತೆರೆಯಲಿಲ್ಲ. ಹತ್ತುವವರಿಗೆ ಜಾಗವಾಗಲೆಂದು ಕಾಲು ಮಡಚಿಕೊಂಡರು, ಚೀಲವನ್ನು ತಲೆಯಡಿಗೆ ಸರಿಮಾಡಿಕೊಂಡರು.

‘ನಿನ್ನ ದಡ ಬಂತವ್ವ. ಅವರದು ಇನ್ನೂ ಆಚೆಗಿದೆ.’