ಹತ್ತನೇ ವಾರ್ಡೇ ಮೊದಲು

ಪುರಸಭೆಯ ಕಂಪ್ಯೂಟರ್ ಅಂಕಿಗಳನ್ನು ಅಕ್ಷರಗಳಂತೆ ಜೋಡಿಸುತ್ತಿತ್ತು. ಹತ್ತರ ಮೊದಲ ಅಂಕಿಯೂ ಒಂದೇ ಆದ್ದರಿಂದ ಟ್ಯಾಂಕರ್ ನೀರಿನ ಸರದಿಯಲ್ಲಿ ಒಂದನೇ ವಾರ್ಡಿನ ಬೆನ್ನಿಗೇ, ಎರಡಕ್ಕಿಂತ ಮುಂಚೆ, ಹತ್ತು ಬರುತ್ತಿತ್ತು. ಎರಡನೇ ವಾರ್ಡಿನವರು ಖಾಲಿ ಕೊಡ ಹಿಡಿದು ಕಾಯುತ್ತಿದ್ದರು, ಕೇಳುವವರೇ ಇರಲಿಲ್ಲ. ಕಂಪ್ಯೂಟರ್ ನೋಡಿಕೊಳ್ಳುವ ಗುತ್ತಿಗೆ ನೌಕರಿಯ ಹೊನ್ನೂರಮ್ಮ ಅದನ್ನು ಸರಿಮಾಡಿದಳು.

ಹತ್ತನೇ ವಾರ್ಡಿನ ಸದಸ್ಯ ಗಾದಿಲಿಂಗಪ್ಪ ಬಂದು ಮೇಜು ಗುದ್ದಿದ. "ಯಾವ ಪಟ್ಟಿ ಆಗಲಿ, ನಮ್ಮ ವಾರ್ಡೇ ಮೊದಲು ಬರಬೇಕು. ಇಲ್ಲಾಂದ್ರೆ ನಾಳೆಯಿಂದ ನೀನು ಮನೇಲಿರು!"

"ಯಾವ ಪಟ್ಟಿ ಆದ್ರೂನಾ ಸಾರ್?"

"ಯಾವುದಾದ್ರೂ!"

ಪಟ್ಟಿಗಳನ್ನೆಲ್ಲ ಜೋಡಿಸುವ ಕಂಪ್ಯೂಟರ್ ಆಜ್ಞೆಗೆ ಅವಳು ತನ್ನದೊಂದು ಸಾಲು ಸೇರಿಸಿದಳು: ಹತ್ತು ಎಲ್ಲಿದ್ದರೂ ಪಟ್ಟಿಯ ತಲೆಗೇ ಬರಲಿ.

ಮರುದಿನ ಸದಸ್ಯರೇ ಚರಂಡಿ ತೆಗೆಯುವ ಶ್ರಮದಾನ. ದೊಡ್ಡ ಚರಂಡಿಯ ದಂಡೆಯಲ್ಲಿ ಊರೇ ಸೇರಿತ್ತು. ಕಂಪ್ಯೂಟರ್ ಕೊಟ್ಟ ಪಟ್ಟಿಯನ್ನು ಮೈಕು ಕೂಗಿತು: "ಮೊದಲು ಇಳಿಯುವವರು, ಹತ್ತನೇ ವಾರ್ಡಿನ ಗಾದಿಲಿಂಗಪ್ಪನವರು!" ಜನ ಚಪ್ಪಾಳೆ ತಟ್ಟಿದರು. ಬಿಳಿ ಪಂಚೆ ಎತ್ತಿ ಕಟ್ಟಿ ಇಳಿಯದೆ ಅವನಿಗೆ ದಾರಿಯಿರಲಿಲ್ಲ.

ಮೊಣಕಾಲುದ್ದ ಕೆಸರಿನಲ್ಲಿ ನಿಂತೇ, ದಂಡೆಯ ಮೇಲಿದ್ದ ಹೊನ್ನೂರಮ್ಮನತ್ತ ಹಲ್ಲು ಕಡಿದ. "ಏನಮ್ಮಾ ಇದು?"

"ನೀವು ಹೇಳಿದ್ದೇ ಸಾರ್. ಕಂಪ್ಯೂಟರಿಗೆ ನೀರು ಯಾವುದು, ಚರಂಡಿ ಯಾವುದು ಗೊತ್ತಾಗಲ್ಲ. ನಾಳೆ ಬಸ್‌ಸ್ಟ್ಯಾಂಡ್ ಕಕ್ಕಸು ತೊಳೆಯೋ ಪಟ್ಟಿ ಇದೆ."

"ತೆಗೆದುಹಾಕು ತಾಯಿ, ಮೊದಲು ಆ ಸಾಲು ತೆಗೆದುಹಾಕು!"

ಅಂದು ಸಂಜೆ ಟ್ಯಾಂಕರ್ ಒಂದನೇ ವಾರ್ಡಿನಿಂದ ನೇರವಾಗಿ ಎರಡಕ್ಕೆ ಹೋಯಿತು.